ಕ್ಲೌಡ್ ಅಪ್ಲಿಕೇಶನ್‌ಗೆ ಆಟೋಸ್ಕೇಲಿಂಗ್ ಹೊಂದಿಸುವಾಗ ಸಂಖ್ಯೆಗಳನ್ನು ಎಲ್ಲಿಂದ ತರಬೇಕು

ಆಟೋಸ್ಕೇಲಿಂಗ್, ಅಂದರೆ ದಟ್ಟಣೆಗೆ ತಕ್ಕಂತೆ ಸರ್ವರ್‌ಗಳ ಸಂಖ್ಯೆ ತಾನಾಗಿಯೇ ಏರಿಳಿಯುವ ವ್ಯವಸ್ಥೆಯನ್ನು, ಆನ್ ಮಾಡುವುದು ಐದು ನಿಮಿಷದ ಕೆಲಸ. ಕನಿಷ್ಠ 2, ಗರಿಷ್ಠ 10, ಸಿಪಿಯು ಬಳಕೆ ಶೇ. 70 ಎಂದು ಮೂರು ಸಂಖ್ಯೆಗಳನ್ನು ತುಂಬಿ ಉಳಿಸಿದರೆ ಕ್ಲೌಡ್ ಒಪ್ಪಿಕೊಳ್ಳುತ್ತದೆ. ದಟ್ಟಣೆ ಸಾಧಾರಣವಾಗಿರುವಷ್ಟು ದಿನ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಆದರೆ ಆ ಮೂರು ಸಂಖ್ಯೆಗಳು ಎಲ್ಲಿಂದ ಬಂದವು ಎಂದು ಕೇಳಿದರೆ ಅನೇಕ ತಂಡಗಳಲ್ಲಿ ಉತ್ತರವಿರುವುದಿಲ್ಲ. ಹಿಂದಿನ ಯಾವುದೋ ಪ್ರಾಜೆಕ್ಟಿನ ಫೈಲಿನಿಂದ ಅವು ಹಾಗೆಯೇ ನಕಲಾಗಿ ಬಂದಿರುತ್ತವೆ, ಮತ್ತು ಅಪ್ಲಿಕೇಶನ್‌ಗೆ ನಿಜವಾಗಿ ಅವುಗಳ ಅಗತ್ಯ ಬಿದ್ದ ದಿನವೇ ಕೈಕೊಡುತ್ತವೆ.

ಆಟೋಸ್ಕೇಲಿಂಗನ್ನು ನಾನು ಮುಖ್ಯವಾಗಿ ಸಮಯದ ಲೆಕ್ಕವೆಂದು ನೋಡುತ್ತೇನೆ. ದಟ್ಟಣೆ ಏರಲು ಶುರುವಾದ ಕ್ಷಣಕ್ಕೂ, ಅದಕ್ಕಾಗಿ ಹುಟ್ಟಿದ ಹೊಸ ಸರ್ವರ್ ಮೊದಲ ಬಳಕೆದಾರರಿಗೆ ಉತ್ತರ ಕೊಡುವ ಕ್ಷಣಕ್ಕೂ ನಡುವೆ ಒಂದು ಅಂತರವಿದೆ. ಆ ಅಂತರವನ್ನು ಈಗಾಗಲೇ ಓಡುತ್ತಿರುವ ಸರ್ವರ್‌ಗಳೇ ತುಂಬಿಕೊಡಬೇಕು. ಎಷ್ಟು ಬೇಗ ಸಿದ್ಧವಾಗುತ್ತೇವೆ ಎಂಬುದನ್ನು ಅಳೆಯದೆ ಎಷ್ಟು ಸಿಪಿಯುಗೆ ಸ್ಕೇಲ್ ಮಾಡಬೇಕು ಎಂದು ನಿರ್ಧರಿಸುವುದು ಬಾಯಾರಿದಾಗ ಬಾವಿ ತೋಡುವ ಕೆಲಸ. ಆದ್ದರಿಂದ ಈ ಬರಹದಲ್ಲಿ ಅಳತೆಯಿಂದ ಆರಂಭಿಸಿ, ಪ್ರತಿ ಸಂಖ್ಯೆಯನ್ನೂ ಆ ಅಳತೆಯಿಂದಲೇ ಪಡೆಯುವ ಕ್ರಮವನ್ನು ವಿವರಿಸಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಕುಬರ್ನೆಟಿಸ್‌ನ ಹಾರಿಜಾಂಟಲ್ ಪಾಡ್ ಆಟೋಸ್ಕೇಲರ್‌ಗೆ, ಅಂದರೆ ಎಚ್‌ಪಿಎಗೆ, ಸಂಬಂಧಿಸಿವೆ. ಕುಬರ್ನೆಟಿಸ್ ಎಂದರೆ ಅಪ್ಲಿಕೇಶನ್‌ಗಳನ್ನು ಕಂಟೇನರ್‌ಗಳಲ್ಲಿ ಓಡಿಸಿ ನಿರ್ವಹಿಸುವ ವ್ಯವಸ್ಥೆ; ಅಲ್ಲಿ ಓಡುವ ಅಪ್ಲಿಕೇಶನ್‌ನ ಒಂದೊಂದು ಪ್ರತಿಯೂ ಒಂದು ಪಾಡ್. ನೇರವಾಗಿ ವರ್ಚುವಲ್ ಮಷೀನ್‌ಗಳನ್ನು ಬಳಸುವವರಿಗೂ ಲೆಕ್ಕ ಇದೇ; ಅಲ್ಲಿ ಬೇರೆಯಾಗುವ ಸಂಗತಿಗಳನ್ನು ಮುಂದೆ ಪ್ರತ್ಯೇಕವಾಗಿ ಹೇಳಿದ್ದೇನೆ.

ಅದಕ್ಕೂ ಮೊದಲು ಒಂದು ಪೂರ್ವಸಿದ್ಧತೆ. ಯಾವ ಪಾಡ್ ಯಾವಾಗ ಹುಟ್ಟಿದರೂ, ಯಾವಾಗ ಸತ್ತರೂ ಬಳಕೆದಾರರಿಗೆ ವ್ಯತ್ಯಾಸ ತಿಳಿಯಬಾರದು. ಲಾಗಿನ್ ಸೆಷನ್ ಸರ್ವರ್‌ನ ಮೆಮೊರಿಯಲ್ಲಿದ್ದರೆ, ಅಪ್‌ಲೋಡ್ ಆದ ಫೈಲ್ ಅದೇ ಸರ್ವರ್‌ನ ಡಿಸ್ಕ್‌ನಲ್ಲಿ ಕುಳಿತಿದ್ದರೆ ಸ್ಕೇಲಿಂಗ್ ಬಗ್ಗೆ ಯೋಚಿಸುವ ಕಾಲ ಇನ್ನೂ ಬಂದಿಲ್ಲ. ಸೆಷನ್‌ಗಳನ್ನು ರೆಡಿಸ್‌ನಂಥ ಹಂಚಿಕೊಂಡ ಸ್ಟೋರ್‌ಗೂ, ಫೈಲ್‌ಗಳನ್ನು ಆಬ್ಜೆಕ್ಟ್ ಸ್ಟೋರೇಜ್‌ಗೂ ಸರಿಸಿ. ಪ್ರತಿ ಪಾಡ್‌ನ ಒಳಗೇ ಕ್ರಾನ್ ಜಾಬ್ (ನಿಗದಿತ ಹೊತ್ತಿಗೆ ತಾನಾಗಿ ನಡೆಯುವ ಕೆಲಸ) ಓಡುತ್ತಿದ್ದರೆ ಅದನ್ನು ಹೊರಗೆ ತೆಗೆಯಿರಿ. ಇಲ್ಲದಿದ್ದರೆ ಇಪ್ಪತ್ತು ಪಾಡ್‌ಗಳಾದ ದಿನ ಒಂದೇ ಇಮೇಲ್ ಇಪ್ಪತ್ತು ಸಲ ಹೋಗುತ್ತದೆ.

ಮೊದಲು ಎರಡು ಅಳತೆಗಳು

ಮೊದಲನೆಯದು, ಒಂದೇ ಒಂದು ಪಾಡ್ ಎಷ್ಟು ಭಾರ ಹೊರಬಲ್ಲದು ಎಂಬುದು. ಆಟೋಸ್ಕೇಲಿಂಗ್ ಆಫ್ ಮಾಡಿ, ಒಂದೇ ಪಾಡ್ ಇಟ್ಟು, ಕೆ6, ಲೋಕಸ್ಟ್ ಅಥವಾ ಜೆಮೀಟರ್‌ನಂಥ ಲೋಡ್ ಟೆಸ್ಟ್ ಟೂಲ್‌ನಿಂದ ರಿಕ್ವೆಸ್ಟ್‌ಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಹೋಗಿ. ಇಲ್ಲಿ ಅನೇಕರು ಜಾರುವ ಒಂದು ಸ್ಥಳವಿದೆ. ಇಂತಿಷ್ಟು ಬಳಕೆದಾರರು ಎಂದು ನಿಗದಿಪಡಿಸಿ ಟೆಸ್ಟ್ ಓಡಿಸಿದರೆ ಪ್ರತಿ ಕಾಲ್ಪನಿಕ ಬಳಕೆದಾರನೂ ಹಿಂದಿನ ಉತ್ತರ ಬರುವ ತನಕ ಮುಂದಿನ ರಿಕ್ವೆಸ್ಟ್ ಕಳಿಸುವುದಿಲ್ಲ. ಸರ್ವರ್ ನಿಧಾನವಾದಷ್ಟೂ ಟೆಸ್ಟ್ ಟೂಲ್ ತಾನೂ ನಿಧಾನವಾಗಿ ಸರ್ವರ್‌ಗೆ ದಯೆ ತೋರುತ್ತದೆ. ನಿಜವಾದ ಜನರು ಹಾಗಲ್ಲ, ಹೊಸಬರು ಬರುತ್ತಲೇ ಇರುತ್ತಾರೆ. ಆದ್ದರಿಂದ ಸೆಕೆಂಡಿಗೆ ಇಷ್ಟು ರಿಕ್ವೆಸ್ಟ್ ಎಂದು ಆಗಮನದ ದರವನ್ನೇ ಸ್ಥಿರವಾಗಿಡುವ ವಿಧಾನವನ್ನು ಬಳಸಿ. ಕೆ6ನಲ್ಲಿ ಇದಕ್ಕೆ ಕಾನ್‌ಸ್ಟಂಟ್ ಅರೈವಲ್ ರೇಟ್ ಎಂಬ ಎಕ್ಸಿಕ್ಯೂಟರ್ ಇದೆ.

ಪ್ರತಿಕ್ರಿಯೆಯ ಸಮಯ ಒಂದು ಹಂತದವರೆಗೆ ಸಮತಟ್ಟಾಗಿದ್ದು, ಆಮೇಲೆ ಒಮ್ಮೆಲೇ ಮೇಲಕ್ಕೆ ಬಾಗುವುದನ್ನು ಗ್ರಾಫ್‌ನಲ್ಲಿ ಕಾಣುವಿರಿ. ಇದು ಆಕಸ್ಮಿಕವಲ್ಲ. ಒಂದೇ ಸರ್ವರ್‌ನ ಮುಂದೆ ಒಂದೇ ಸಾಲು ಎಂಬ ಸರಳ ಮಾದರಿಯನ್ನು ತೆಗೆದುಕೊಂಡರೂ, ಸರ್ವರ್ ಶೇ. 50ರಷ್ಟು ಕಾರ್ಯನಿರತವಾಗಿರುವಾಗ ಒಂದು ರಿಕ್ವೆಸ್ಟ್‌ಗೆ ತಗಲುವ ಒಟ್ಟು ಸಮಯ ಮೂಲ ಸಮಯದ 2 ಪಟ್ಟು, ಶೇ. 80ಕ್ಕೆ 5 ಪಟ್ಟು, ಶೇ. 90ಕ್ಕೆ 10 ಪಟ್ಟು, ಶೇ. 95ಕ್ಕೆ 20 ಪಟ್ಟಾಗುತ್ತದೆ. ಗ್ರಾಫ್ ಬಾಗುವುದಕ್ಕೆ ಸ್ವಲ್ಪ ಮೊದಲಿನ ಬಿಂದುವೇ ನಿಮ್ಮ ಪಾಡ್‌ನ ಸುರಕ್ಷಿತ ಸಾಮರ್ಥ್ಯ. ಮುಂದಿನ ಲೆಕ್ಕಗಳಿಗಾಗಿ ಅದನ್ನು ಸೆಕೆಂಡಿಗೆ 120 ರಿಕ್ವೆಸ್ಟ್ ಎಂದಿಟ್ಟುಕೊಳ್ಳೋಣ.

ಎರಡನೆಯದು ಸಿದ್ಧತೆಯ ಸಮಯ. ಇದನ್ನು ಊಹಿಸಬೇಡಿ, ಗಡಿಯಾರ ಇಟ್ಟು ಅಳೆಯಿರಿ. ಮೆಟ್ರಿಕ್ಸ್ ಸರ್ವರ್ ಸಾಮಾನ್ಯವಾಗಿ 15 ಸೆಕೆಂಡಿಗೊಮ್ಮೆ ಅಂಕಿಗಳನ್ನು ಸಂಗ್ರಹಿಸುತ್ತದೆ. ಎಚ್‌ಪಿಎ ಕೂಡ ಪೂರ್ವನಿಗದಿಯಂತೆ 15 ಸೆಕೆಂಡಿಗೊಮ್ಮೆ ಅವನ್ನು ನೋಡುತ್ತದೆ. ಆಮೇಲೆ ಪಾಡ್‌ಗೆ ಜಾಗ ಸಿಗಬೇಕು, ಇಮೇಜ್ ಡೌನ್‌ಲೋಡ್ ಆಗಬೇಕು, ಅಪ್ಲಿಕೇಶನ್ ಶುರುವಾಗಿ ಕ್ಯಾಶ್ ತುಂಬಿಕೊಳ್ಳಬೇಕು, ರೆಡಿನೆಸ್ ಪ್ರೋಬ್ (ಪಾಡ್ ಉತ್ತರಿಸಲು ಸಿದ್ಧವೇ ಎಂಬ ತಪಾಸಣೆ) ಪಾಸಾಗಬೇಕು, ರಿಕ್ವೆಸ್ಟ್‌ಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್ ಅದನ್ನು ತನ್ನ ಪಟ್ಟಿಗೆ ಸೇರಿಸಿಕೊಳ್ಳಬೇಕು. ಈಗಿರುವ ನೋಡ್‌ನಲ್ಲೇ (ಪಾಡ್‌ಗಳು ಓಡುವ ಮಷೀನ್‌ನಲ್ಲೇ) ಜಾಗವಿದ್ದರೆ ಇದೆಲ್ಲ ಸೇರಿ 2 ನಿಮಿಷ, ಹೊಸ ನೋಡ್ ಬೇಕಾದರೆ 4 ನಿಮಿಷ ಎಂದು ನಮ್ಮ ಉದಾಹರಣೆಯಲ್ಲಿ ಭಾವಿಸೋಣ.

ಟಾರ್ಗೆಟ್ ಎಷ್ಟಿರಬೇಕು

ಟಾರ್ಗೆಟ್ ಎಂದರೆ ಪ್ರತಿ ಪಾಡ್‌ನ ಮೇಲೆ ಸರಾಸರಿ ಇರಬೇಕಾದ ಭಾರ; ಅದನ್ನು ಮೀರಿದರೆ ಆಟೋಸ್ಕೇಲರ್ ಪಾಡ್‌ಗಳನ್ನು ಸೇರಿಸುತ್ತದೆ. ಈಗ ಹಳೆಯ ಲಾಗ್‌ಗಳಿಂದ ಒಂದು ಅಂಕಿ ತೆಗೆಯಿರಿ: ಇದುವರೆಗೆ ದಟ್ಟಣೆ ಅತಿ ಕಡಿದಾಗಿ ಏರಿದ ಹೊತ್ತಿನಲ್ಲಿ ನಿಮಿಷಕ್ಕೆ ಶೇಕಡಾ ಎಷ್ಟು ಏರಿತ್ತು? ಅದು ಶೇ. 15 ಎಂದಾದರೆ, ಎರಡು ನಿಮಿಷದಲ್ಲಿ ಭಾರ 1.15ರ ವರ್ಗದಷ್ಟು, ಅಂದರೆ ಸುಮಾರು 1.32 ಪಟ್ಟಾಗುತ್ತದೆ. ಹೊಸ ಪಾಡ್ ಬರುವ ತನಕ ಹಳೆಯ ಪಾಡ್‌ಗಳೇ ಇದನ್ನು ತಾಳಿಕೊಳ್ಳಬೇಕಾದ್ದರಿಂದ, ಟಾರ್ಗೆಟ್ ಅನ್ನು 120 ಭಾಗಿಸು 1.32, ಅಂದರೆ ಪಾಡ್‌ಗೆ ಸೆಕೆಂಡಿಗೆ ಸುಮಾರು 90 ರಿಕ್ವೆಸ್ಟ್‌ಗೆ ಇಡಬೇಕು. ಹೊಸ ನೋಡ್‌ಗೆ ಕಾಯಬೇಕಾದ ಸಂದರ್ಭದಲ್ಲಿ ನಾಲ್ಕು ನಿಮಿಷಕ್ಕೆ ಭಾರ 1.75 ಪಟ್ಟಾಗುತ್ತದೆ, ಟಾರ್ಗೆಟ್ 68ಕ್ಕೆ ಇಳಿಯುತ್ತದೆ. ಅದೇ ಅಪ್ಲಿಕೇಶನ್, ಅದೇ ಬಳಕೆದಾರರು. ಸಿದ್ಧವಾಗುವುದಕ್ಕೆ ಎರಡು ನಿಮಿಷ ಹೆಚ್ಚು ತೆಗೆದುಕೊಂಡ ಒಂದೇ ಕಾರಣಕ್ಕೆ ಪ್ರತಿ ಪಾಡ್‌ನ ಸಾಮರ್ಥ್ಯದಲ್ಲಿ ಇನ್ನಷ್ಟು ಭಾಗವನ್ನು ಹಗಲೂ ರಾತ್ರಿಯೂ ಖಾಲಿ ಇಟ್ಟುಕೊಳ್ಳಬೇಕಾಗುತ್ತದೆ. ಇಮೇಜ್ ಅನ್ನು ಚಿಕ್ಕದಾಗಿಸುವುದು, ಸ್ಟಾರ್ಟ್ ಆಗುವ ಸಮಯವನ್ನು ಕಡಿಮೆ ಮಾಡುವುದು ಬರೀ ಅಂದದ ಕೆಲಸವಲ್ಲ, ಪ್ರತಿ ತಿಂಗಳ ಬಿಲ್ ಇಳಿಸುವ ಕೆಲಸ ಎಂದು ನಾನು ಒತ್ತಿ ಹೇಳುವುದು ಈ ಲೆಕ್ಕದಿಂದಲೇ.

ರಿಕ್ವೆಸ್ಟ್‌ಗಳ ಎಣಿಕೆಯ ಮೇಲೆ ಸ್ಕೇಲ್ ಮಾಡಲು ಕಸ್ಟಮ್ ಮೆಟ್ರಿಕ್ (ನೀವೇ ಒದಗಿಸುವ ಅಳತೆ) ಬೇಕು. ಅಂಕಿಗಳನ್ನು ಸಂಗ್ರಹಿಸುವ ಪ್ರೊಮೀಥಿಯಸ್ ಮತ್ತು ಅದರ ಅಡಾಪ್ಟರ್ ಇದ್ದರೆ ಕಷ್ಟವಿಲ್ಲ. ಅದಿಲ್ಲದವರು ಸಿಪಿಯು ಬಳಸಬಹುದು, ಆದರೆ ಮೊದಲು ಒಂದು ಪರೀಕ್ಷೆ ಮಾಡಬೇಕು. ಮೇಲಿನ ಲೋಡ್ ಟೆಸ್ಟ್‌ನಲ್ಲಿ ಗ್ರಾಫ್ ಬಾಗಿದ ಹೊತ್ತಿಗೆ ಸಿಪಿಯು ಎಷ್ಟಿತ್ತು ಎಂದು ನೋಡಿ. ಶೇ. 85 ಇದ್ದರೆ ಸಿಪಿಯು ಒಳ್ಳೆಯ ಸೂಚಕ. ಶೇ. 30 ಇದ್ದರೆ ಅಪ್ಲಿಕೇಶನ್ ಡೇಟಾಬೇಸ್‌ಗೋ ಹೊರಗಿನ ಯಾವುದೋ ಸೇವೆಗೋ ಕಾಯುತ್ತ ನಿಂತಿದೆ ಎಂದರ್ಥ. ಆಗ ಬಳಕೆದಾರರು ಪರದಾಡುತ್ತಿದ್ದರೂ ಸಿಪಿಯು ಶೇ. 70 ಮುಟ್ಟುವುದೇ ಇಲ್ಲ, ಆಟೋಸ್ಕೇಲರ್ ಕಣ್ಣು ತೆರೆಯುವುದೇ ಇಲ್ಲ. ಮೆಮೊರಿಯನ್ನು ಸೂಚಕವಾಗಿ ಬಳಸಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ. ಒಮ್ಮೆ ಪಡೆದ ಮೆಮೊರಿಯನ್ನು ಜಾವಾದಂಥ ರನ್‌ಟೈಮ್‌ಗಳು ಬೇಗ ಹಿಂದಿರುಗಿಸುವುದಿಲ್ಲವಾದ್ದರಿಂದ, ಪಾಡ್‌ಗಳು ಹೆಚ್ಚಿದರೂ ಹಳೆಯ ಪಾಡ್‌ಗಳ ಅಂಕಿ ಇಳಿಯದೆ ಸಂಖ್ಯೆ ಗರಿಷ್ಠಕ್ಕೆ ಹೋಗಿ ಅಲ್ಲೇ ಕೂರುತ್ತದೆ.

ಎಚ್‌ಪಿಎ ಒಳಗೆ ನಡೆಯುವ ಲೆಕ್ಕ ಬಹಳ ಸರಳ. ಈಗಿರುವ ಪಾಡ್‌ಗಳ ಸಂಖ್ಯೆಯನ್ನು ಈಗಿನ ಬಳಕೆಯಿಂದ ಗುಣಿಸಿ, ಟಾರ್ಗೆಟ್‌ನಿಂದ ಭಾಗಿಸಿ, ಬಂದ ಉತ್ತರವನ್ನು ಮೇಲಿನ ಪೂರ್ಣಾಂಕಕ್ಕೆ ಏರಿಸುತ್ತದೆ. ನಾಲ್ಕು ಪಾಡ್‌ಗಳ ಸರಾಸರಿ ಶೇ. 90, ಟಾರ್ಗೆಟ್ ಶೇ. 60 ಎಂದಾದರೆ ಉತ್ತರ ಆರು. ಸರಾಸರಿ ಶೇ. 63 ಇದ್ದರೆ ಏನೂ ಆಗುವುದಿಲ್ಲ, ಏಕೆಂದರೆ ಟಾರ್ಗೆಟ್‌ನಿಂದ ಶೇ. 10ರೊಳಗಿನ ವ್ಯತ್ಯಾಸವನ್ನು ಅದು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಎರಡು ಮೂರು ಮೆಟ್ರಿಕ್‌ಗಳನ್ನು ಕೊಟ್ಟರೆ ಪ್ರತಿಯೊಂದಕ್ಕೂ ಲೆಕ್ಕ ಹಾಕಿ, ಅತಿ ದೊಡ್ಡ ಉತ್ತರವನ್ನು ಆರಿಸಿಕೊಳ್ಳುತ್ತದೆ.

ಈ ಶೇಕಡಾವಾರು ಯಾವುದರ ಶೇಕಡಾ ಎಂಬುದು ಮುಖ್ಯ: ಪಾಡ್‌ಗೆ ನೀವು ಬರೆದ ಸಿಪಿಯು ರಿಕ್ವೆಸ್ಟ್‌ನದು (ಇದು ಬಳಕೆದಾರರ ರಿಕ್ವೆಸ್ಟ್ ಅಲ್ಲ, ಪಾಡ್‌ಗಾಗಿ ಕಾದಿರಿಸುವ ಸಿಪಿಯು), ಗರಿಷ್ಠ ಮಿತಿಯಾದ ಲಿಮಿಟ್‌ನದಲ್ಲ, ನೋಡ್‌ನದೂ ಅಲ್ಲ. ರಿಕ್ವೆಸ್ಟ್ ಅನ್ನು 100 ಮಿಲಿಕೋರ್ (ಒಂದು ಸಿಪಿಯು ಕೋರ್‌ನ ಹತ್ತನೇ ಒಂದು ಭಾಗ) ಎಂದು ಬರೆದು, ಅಪ್ಲಿಕೇಶನ್ ಸಾಮಾನ್ಯ ಹೊತ್ತಿನಲ್ಲೇ 300 ಬಳಸುತ್ತಿದ್ದರೆ ಬಳಕೆ ಸದಾ ಶೇ. 300 ಎಂದೇ ಕಾಣುತ್ತದೆ. ಪಾಡ್‌ನಲ್ಲಿರುವ ಒಂದೇ ಒಂದು ಸೈಡ್‌ಕಾರ್ (ಅಪ್ಲಿಕೇಶನ್‌ನ ಜೊತೆ ಓಡುವ ಸಹಾಯಕ) ಕಂಟೇನರ್‌ಗೆ ರಿಕ್ವೆಸ್ಟ್ ಬರೆಯುವುದು ಮರೆತರೂ ಆ ಪಾಡ್‌ನ ಶೇಕಡಾವಾರು ಲೆಕ್ಕ ಸಿಗುವುದಿಲ್ಲ, ಎಚ್‌ಪಿಎ ಆ ಮೆಟ್ರಿಕ್ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳುವುದಿಲ್ಲ. ಎಚ್‌ಪಿಎ ಪಟ್ಟಿಯಲ್ಲಿ ಬಳಕೆಯ ಜಾಗದಲ್ಲಿ ‘ಅನ್‌ನೋನ್’ ಎಂದು ಕಂಡರೆ ಮೊದಲು ಪರಿಶೀಲಿಸಬೇಕಾದ್ದು ಇದನ್ನೇ.

ಕನಿಷ್ಠ ಮತ್ತು ಗರಿಷ್ಠ

ಕನಿಷ್ಠ ಸಂಖ್ಯೆಗೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಅತಿ ಕಡಿಮೆ ದಟ್ಟಣೆಯ ಹೊತ್ತಿಗೆ ಎಷ್ಟು ಬೇಕು, ಮತ್ತು ಆ ಹೊತ್ತಿನಲ್ಲಿ ಒಂದು ಅವೈಲಬಿಲಿಟಿ ಝೋನ್ (ಕ್ಲೌಡ್‌ನ ಪ್ರತ್ಯೇಕ ಡೇಟಾ ಸೆಂಟರ್ ಗುಂಪು) ಕೈಬಿಟ್ಟರೆ ಉಳಿದವು ಸಾಕೇ? ಕನಿಷ್ಠ ದಟ್ಟಣೆ ಸೆಕೆಂಡಿಗೆ 200 ಆಗಿದ್ದರೆ, 90ರ ಟಾರ್ಗೆಟ್‌ಗೆ ಮೂರು ಪಾಡ್ ಬೇಕು. ಅವು ಮೂರು ಝೋನ್‌ಗಳಲ್ಲಿ ಹಂಚಿಹೋಗಿದ್ದರೆ, ಒಂದು ಹೋದಾಗ ಉಳಿಯುವ ಎರಡು 240ರವರೆಗೆ ತಡೆಯಬಲ್ಲವು. ಆದ್ದರಿಂದ ಮೂರು ಸಾಕು. ಆದರೆ ಆ ಹಂಚಿಕೆ ತಾನಾಗಿ ಆಗುತ್ತದೆಂದು ನಂಬಬೇಡಿ, ಟೋಪೋಲಜಿ ಸ್ಪ್ರೆಡ್ ನಿಯಮವನ್ನು ಬರೆದಿಡಿ.

ಗರಿಷ್ಠ ಸಂಖ್ಯೆಯೇ ಹೆಚ್ಚು ಕಷ್ಟದ್ದು, ಮತ್ತು ಹೆಚ್ಚು ಅನಾಹುತವಾಗುವುದೂ ಇಲ್ಲಿಯೇ. ಇದುವರೆಗಿನ ಅತಿ ಹೆಚ್ಚು ದಟ್ಟಣೆ ಸೆಕೆಂಡಿಗೆ 1500 ಎಂದರೆ 17 ಪಾಡ್ ಬೇಕು. ಮುಂದಿನ ಬೆಳವಣಿಗೆಗೆ ಇನ್ನರ್ಧ ಸೇರಿಸಿ 25 ಎಂದು ಬರೆಯಲು ಕೈ ಹೋಗುತ್ತದೆ. ಅಷ್ಟಕ್ಕೇ ನಿಲ್ಲಿಸಬೇಡಿ. ಆ 25 ಪಾಡ್‌ಗಳ ಹಿಂದೆ ಸ್ಕೇಲ್ ಆಗದೆ ನಿಂತಿರುವುದು ಏನೇನು ಎಂದು ನೋಡಿ, ಅದರಲ್ಲೂ ಡೇಟಾಬೇಸ್ ಕಡೆ.

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಪೂರ್ವನಿಗದಿತ ಗರಿಷ್ಠ ಕನೆಕ್ಷನ್‌ಗಳು 100, ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು. ಜಾವಾ ಅಪ್ಲಿಕೇಶನ್‌ಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಹಿಕಾರಿಸಿಪಿ ಪೂಲ್ (ಡೇಟಾಬೇಸ್ ಕನೆಕ್ಷನ್‌ಗಳನ್ನು ಮರುಬಳಸುವ ಸಾಧನ) ಪೂರ್ವನಿಗದಿಯಂತೆ ಪ್ರತಿ ಪಾಡ್‌ಗೆ 10 ಕನೆಕ್ಷನ್ ತೆರೆದಿಟ್ಟುಕೊಳ್ಳುತ್ತದೆ. ಒಂಬತ್ತು ಪಾಡ್‌ಗಳಿಗೆ 90. ಹತ್ತನೆಯ ಪಾಡ್‌ಗೆ ಉಳಿಯುವುದು ಏಳೇ. ಹನ್ನೊಂದನೆಯದಕ್ಕೆ ಒಂದೂ ಇಲ್ಲ. ಎರಡೂ ಕಡೆ ಯಾರೂ ಏನನ್ನೂ ತಪ್ಪಾಗಿ ಬರೆದಿರುವುದಿಲ್ಲ, ಆದರೂ ನಿಮ್ಮ ನಿಜವಾದ ಗರಿಷ್ಠ ಒಂಬತ್ತು.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಹಿಂದೆ ನಾನಿದ್ದ ಒಂದು ತಂಡದಲ್ಲಿ, ದಟ್ಟಣೆ ಏರಿದ ಒಂದು ಮಧ್ಯಾಹ್ನ ಆಟೋಸ್ಕೇಲರ್ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿ ಪಾಡ್‌ಗಳನ್ನು ಹೆಚ್ಚಿಸಿತು. ಹೊಸ ಪಾಡ್‌ಗಳಿಗೆ ಡೇಟಾಬೇಸ್ ಕನೆಕ್ಷನ್ ಸಿಗಲಿಲ್ಲ. ನಮ್ಮ ಲೈವ್‌ನೆಸ್ ಪ್ರೋಬ್ (ವಿಫಲವಾದರೆ ರೀಸ್ಟಾರ್ಟ್ ಮಾಡಿಸುವ ತಪಾಸಣೆ) ಡೇಟಾಬೇಸನ್ನೂ ತಟ್ಟಿ ನೋಡುತ್ತಿದ್ದುದರಿಂದ, ಹೊಸವುಗಳ ಜೊತೆಗೆ ಅದುವರೆಗೆ ಸರಿಯಾಗಿದ್ದ ಹಳೆಯ ಪಾಡ್‌ಗಳೂ ಅಸ್ವಸ್ಥವೆಂದು ತೀರ್ಮಾನವಾಗಿ ರೀಸ್ಟಾರ್ಟ್ ಆಗತೊಡಗಿದವು. ಉತ್ತರ ಬರದ ಕ್ಲೈಂಟ್‌ಗಳು ಮತ್ತೆ ಮತ್ತೆ ಪ್ರಯತ್ನಿಸಿದ್ದರಿಂದ ದಟ್ಟಣೆ ಇನ್ನೂ ಏರಿತು. ಏರಿದ್ದನ್ನು ಕಂಡ ಆಟೋಸ್ಕೇಲರ್ ಇನ್ನಷ್ಟು ಪಾಡ್‌ಗಳನ್ನು ಸೇರಿಸಿತು. ಆ ಹೊತ್ತಿನಲ್ಲಿ ನಮ್ಮನ್ನು ಉಳಿಸಿದ್ದು ಪಾಡ್‌ಗಳನ್ನು ಕಡಿಮೆ ಮಾಡಿದ್ದು. ಅಂದಿನಿಂದ ನಾನು ಎರಡು ನಿಯಮಗಳನ್ನು ಬಿಟ್ಟುಕೊಟ್ಟಿಲ್ಲ. ಲೈವ್‌ನೆಸ್ ಪ್ರೋಬ್ ‘ಈ ಪ್ರೋಸೆಸ್ ಜೀವಂತವಿದೆಯೇ’ ಎಂಬುದನ್ನು ಮಾತ್ರ ಕೇಳಬೇಕು, ಹೊರಗಿನ ಯಾವುದನ್ನೂ ಮುಟ್ಟಬಾರದು. ಮತ್ತು ಗರಿಷ್ಠ ಪಾಡ್‌ಗಳ ಸಂಖ್ಯೆಯನ್ನು ಪೂಲ್‌ನ ಗಾತ್ರದಿಂದ ಗುಣಿಸಿದ ಉತ್ತರ ಡೇಟಾಬೇಸ್‌ನ ಮಿತಿಯೊಳಗೆ ಇರಬೇಕು.

ಈ ಗುಣಾಕಾರದಲ್ಲಿ ಡಿಪ್ಲಾಯ್‌ಮೆಂಟ್ ಸಮಯವನ್ನೂ ಸೇರಿಸಿ. ರೋಲಿಂಗ್ ಅಪ್‌ಡೇಟ್ (ಹಳೆಯ ಪಾಡ್‌ಗಳ ಜಾಗಕ್ಕೆ ಹಂತ ಹಂತವಾಗಿ ಹೊಸವನ್ನು ತರುವುದು) ನಡೆಯುವಾಗ ಪೂರ್ವನಿಗದಿಯಂತೆ ಶೇ. 25ರಷ್ಟು ಹೆಚ್ಚುವರಿ ಪಾಡ್‌ಗಳು ಇರಬಹುದು, ಮತ್ತು ಆ ಲೆಕ್ಕ ಮೇಲಕ್ಕೆ ದುಂಡಾಗುತ್ತದೆ. ಹಾಗಾಗಿ ಗರಿಷ್ಠ 25 ಇದ್ದಾಗ ಒಂದಷ್ಟು ಹೊತ್ತು 32 ಪಾಡ್‌ಗಳು ಓಡಬಹುದು. 10ರ ಪೂಲ್ ಎಂದರೆ 320 ಕನೆಕ್ಷನ್. ಡೇಟಾಬೇಸ್‌ನ ಮಿತಿಯನ್ನು ಏರಿಸುತ್ತ ಹೋಗುವುದಕ್ಕಿಂತ ಮೊದಲು ಪೂಲ್‌ನ ಗಾತ್ರವನ್ನು ಇಳಿಸಿ ನೋಡಿ. ಸಣ್ಣ ಕ್ವೆರಿಗಳ ಅಪ್ಲಿಕೇಶನ್‌ಗಳಿಗೆ ಪಾಡ್‌ಗೆ ನಾಲ್ಕೈದು ಕನೆಕ್ಷನ್ ಎಷ್ಟೋ ಸಲ ಸಾಕಾಗುತ್ತದೆ. ಅದೂ ಸಾಲದಿದ್ದರೆ ನಡುವೆ ಪಿಜಿಬೌನ್ಸರ್‌ನಂಥ ಪೂಲರ್ ಇಡಿ. ಡೇಟಾಬೇಸ್‌ನಷ್ಟೇ ಜಾಗರೂಕತೆಯಿಂದ ಹೊರಗಿನ ಎಪಿಐಗಳ ರೇಟ್ ಲಿಮಿಟ್ ಅನ್ನೂ, ಕ್ಲೌಡ್ ಖಾತೆಯ ಕೋಟಾವನ್ನೂ, ಸಬ್‌ನೆಟ್‌ನಲ್ಲಿ ಉಳಿದಿರುವ ಐಪಿ ವಿಳಾಸಗಳನ್ನೂ ನೋಡಿಕೊಳ್ಳಿ.

ಬೇಗ ಏರಿ, ನಿಧಾನವಾಗಿ ಇಳಿಯುವುದು

ಏರುವಾಗ ತಪ್ಪಿದರೆ ಸ್ವಲ್ಪ ಹಣ ಹೋಗುತ್ತದೆ, ಇಳಿಯುವಾಗ ತಪ್ಪಿದರೆ ಬಳಕೆದಾರರ ರಿಕ್ವೆಸ್ಟ್‌ಗಳು ಮಧ್ಯದಲ್ಲೇ ಕಡಿದುಹೋಗುತ್ತವೆ. ಎಚ್‌ಪಿಎಯ ಪೂರ್ವನಿಗದಿ ಏರಿಕೆಗೆ ಅನುಕೂಲಕರವಾಗಿಯೇ ಇದೆ: ಪ್ರತಿ 15 ಸೆಕೆಂಡಿಗೆ ಪಾಡ್‌ಗಳನ್ನು ದುಪ್ಪಟ್ಟು ಮಾಡಬಹುದು ಇಲ್ಲವೇ ನಾಲ್ಕನ್ನು ಸೇರಿಸಬಹುದು, ಎರಡರಲ್ಲಿ ಯಾವುದು ಹೆಚ್ಚೋ ಅದು. ಇದನ್ನು ಬದಲಿಸುವ ಅಗತ್ಯ ಅಪರೂಪ. ಇಳಿಕೆಗೆ 300 ಸೆಕೆಂಡಿನ ಸ್ಟೆಬಿಲೈಸೇಶನ್ ವಿಂಡೋ ಇದೆ, ಅಂದರೆ ಕಳೆದ ಐದು ನಿಮಿಷಗಳಲ್ಲಿ ಬಂದ ಲೆಕ್ಕಗಳಲ್ಲಿ ಅತಿ ದೊಡ್ಡದನ್ನು ಅದು ಪಾಲಿಸುತ್ತದೆ. ಆದರೆ ಆ ಐದು ನಿಮಿಷ ಕಳೆದ ಮೇಲೆ 20ರಿಂದ 3ಕ್ಕೆ ಒಂದೇ ಏಟಿಗೆ ಇಳಿಯಲು ಯಾವ ಅಡ್ಡಿಯೂ ಇಲ್ಲ. ದಟ್ಟಣೆ ಅಲೆಗಳಂತೆ ಬಂದು ಹೋಗುವ ಅಪ್ಲಿಕೇಶನ್‌ಗಳಿಗೆ ಇದು ಒಳ್ಳೆಯದಲ್ಲ. ನಿಮಿಷಕ್ಕೆ ಶೇ. 10ಕ್ಕಿಂತ ಹೆಚ್ಚು ಇಳಿಯಬಾರದು ಎಂಬ ಪಾಲಿಸಿಯನ್ನು ಸೇರಿಸುವುದು ನನ್ನ ರೂಢಿ. 2021ರ ಡಿಸೆಂಬರ್‌ನಲ್ಲಿ ಬಂದ ಕುಬರ್ನೆಟಿಸ್ 1.23ರಿಂದ ಆಟೋಸ್ಕೇಲಿಂಗ್ ವಿ2 ಎಪಿಐ ಸ್ಥಿರ ಆವೃತ್ತಿಯಾಗಿರುವುದರಿಂದ ಬಿಹೇವಿಯರ್ ಎಂಬ ಭಾಗದಲ್ಲಿ ಇದನ್ನು ಬರೆಯಬಹುದು.

ಒಂದು ಪಾಡ್ ಸಾಯುವಾಗ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಪಾಡ್‌ಗೆ ನಿಲ್ಲು ಎನ್ನುವ ಸಿಗ್‌ಟರ್ಮ್ ಸಂಕೇತ ಹೋಗುವುದೂ, ಸರ್ವಿಸ್‌ನ ಎಂಡ್‌ಪಾಯಿಂಟ್ ಪಟ್ಟಿಯಿಂದ ಅದರ ವಿಳಾಸ ಅಳಿಯುವುದೂ ಒಂದಾದ ಮೇಲೊಂದಲ್ಲ, ಒಟ್ಟೊಟ್ಟಿಗೆ ಶುರುವಾಗುತ್ತವೆ. ಅಳಿದ ಸುದ್ದಿ ಎಲ್ಲ ನೋಡ್‌ಗಳಿಗೂ ಲೋಡ್ ಬ್ಯಾಲೆನ್ಸರ್‌ಗೂ ತಲುಪಲು ಕೆಲವು ಸೆಕೆಂಡು ಬೇಕು, ಅಷ್ಟರಲ್ಲಿ ಅಪ್ಲಿಕೇಶನ್ ಬಾಗಿಲು ಹಾಕಿಕೊಂಡಿದ್ದರೆ ಅಲ್ಲಿಗೆ ಬಂದ ರಿಕ್ವೆಸ್ಟ್‌ಗಳು ವಿಫಲವಾಗುತ್ತವೆ. ಪ್ರೀಸ್ಟಾಪ್ ಹುಕ್‌ನಲ್ಲಿ (ಸಿಗ್‌ಟರ್ಮ್‌ಗೂ ಮೊದಲು ನಡೆಯುವ ಹಂತದಲ್ಲಿ) ಐದರಿಂದ ಹತ್ತು ಸೆಕೆಂಡಿನ ಸ್ಲೀಪ್ ಹಾಕುವುದು ಇದಕ್ಕೆ ಸರಳ ಪರಿಹಾರ. ಆ ನಂತರ ಅಪ್ಲಿಕೇಶನ್ ಹೊಸ ರಿಕ್ವೆಸ್ಟ್ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಕೈಯಲ್ಲಿರುವುದನ್ನು ಮುಗಿಸಿ ಹೊರಡಬೇಕು. ಇದೆಲ್ಲಕ್ಕೂ ಸೇರಿ ಸಿಗುವ ಅವಧಿ ಪೂರ್ವನಿಗದಿಯಂತೆ 30 ಸೆಕೆಂಡ್, ಪ್ರೀಸ್ಟಾಪ್‌ನ ಸ್ಲೀಪ್ ಕೂಡ ಅದರೊಳಗೇ ಬರುತ್ತದೆ. ಅವಧಿ ಮೀರಿದರೆ ಸಿಗ್‌ಕಿಲ್, ಅಂದರೆ ಬಲವಂತದ ಅಂತ್ಯ. ನಿಮ್ಮ ಅತಿ ಉದ್ದದ ರಿಕ್ವೆಸ್ಟ್‌ಗೆ 45 ಸೆಕೆಂಡ್ ಬೇಕಾದರೆ ಟರ್ಮಿನೇಶನ್ ಗ್ರೇಸ್ ಪೀರಿಯಡ್ ಅನ್ನು 60ಕ್ಕೆ ಏರಿಸಿ.

ಇನ್ನೊಂದು ಬಲೆ ಇದೆ, ನೋಡಲು ತೀರ ಚಿಕ್ಕದು. ಡಿಪ್ಲಾಯ್‌ಮೆಂಟ್ ಫೈಲ್‌ನಲ್ಲಿ ರೆಪ್ಲಿಕಾಸ್ 3 ಎಂಬ ಸಾಲು ಉಳಿದುಕೊಂಡಿದ್ದರೆ, ಎಚ್‌ಪಿಎ 20 ಪಾಡ್‌ಗಳಿಗೆ ಏರಿಸಿಟ್ಟಿರುವ ಹೊತ್ತಿನಲ್ಲಿ ಯಾರಾದರೂ ಆ ಫೈಲನ್ನು ಅಪ್ಲೈ ಮಾಡಿದರೆ ಸಂಖ್ಯೆ ಮೂರಕ್ಕೆ ಬೀಳುತ್ತದೆ. ಎಚ್‌ಪಿಎ ಮತ್ತೆ ಏರಿಸುತ್ತದೆ ನಿಜ, ಆದರೆ ಆ ಎರಡು ನಿಮಿಷದ ಬೆಲೆಯನ್ನು ಬಳಕೆದಾರರು ತೆರುತ್ತಾರೆ. ಎಚ್‌ಪಿಎ ಹಾಕಿದ ಮೇಲೆ ಆ ಸಾಲು ಫೈಲ್‌ನಲ್ಲಿ ಇರಬಾರದು. ತೆಗೆಯುವಾಗಲೂ ಎಚ್ಚರ ಬೇಕು: ಸಾಲನ್ನು ಅಳಿಸಿ ನೇರವಾಗಿ ಅಪ್ಲೈ ಮಾಡಿದರೆ ಒಮ್ಮೆ ಸಂಖ್ಯೆ ಪೂರ್ವನಿಗದಿಯಾದ ಒಂದಕ್ಕೆ ಇಳಿಯಬಹುದು, ಆದ್ದರಿಂದ ಕುಬರ್ನೆಟಿಸ್‌ನ ಲಾಸ್ಟ್ ಅಪ್ಲೈಡ್ ಟಿಪ್ಪಣಿಯಿಂದಲೂ ಅದನ್ನು ಮೊದಲು ತೆಗೆದುಹಾಕಿ, ಅದೂ ದಟ್ಟಣೆ ಕಡಿಮೆ ಇರುವ ಹೊತ್ತಿನಲ್ಲಿ.

ಪಾಡ್‌ಗಳ ಕೆಳಗಿನ ನೋಡ್‌ಗಳು

ಎಚ್‌ಪಿಎ ಪಾಡ್‌ಗಳನ್ನಷ್ಟೇ ಕೇಳುತ್ತದೆ, ಅವುಗಳಿಗೆ ಜಾಗ ಒದಗಿಸುವುದು ಕ್ಲಸ್ಟರ್ ಆಟೋಸ್ಕೇಲರ್ ಅಥವಾ ಕಾರ್ಪೆಂಟರ್‌ನ ಕೆಲಸ. ಜಾಗ ಸಿಗದೆ ಪೆಂಡಿಂಗ್ ಆಗಿ ನಿಂತ ಪಾಡ್‌ಗಳನ್ನು ಕಂಡ ಮೇಲೆ ಹೊಸ ಮಷೀನ್ ತರಿಸುವ ಕೆಲಸ ಶುರುವಾಗುತ್ತದೆ. ಮೇಲೆ ಹೇಳಿದ ನಾಲ್ಕು ನಿಮಿಷದ ಲೆಕ್ಕ ಬರುವುದು ಇಲ್ಲಿಂದಲೇ. ಇದನ್ನು ತಪ್ಪಿಸಲು ಒಂದು ಒಳ್ಳೆಯ ಉಪಾಯವಿದೆ. ಏನೂ ಕೆಲಸ ಮಾಡದ, ಆದರೆ ಒಂದೆರಡು ಪಾಡ್‌ಗಳಷ್ಟು ಸಿಪಿಯು ಮತ್ತು ಮೆಮೊರಿಯನ್ನು ಕಾದಿರಿಸುವ ಪಾಝ್ (pause) ಪಾಡ್‌ಗಳನ್ನು ಅತಿ ಕಡಿಮೆ ಪ್ರಯಾರಿಟಿಯಲ್ಲಿ ಓಡಿಸಿ. ನಿಜವಾದ ಪಾಡ್ ಬಂದ ಕೂಡಲೇ ಶೆಡ್ಯೂಲರ್ ಇವುಗಳನ್ನು ಎಬ್ಬಿಸಿ ಜಾಗ ಕೊಡುತ್ತದೆ. ಎದ್ದು ಹೋದವು ಪೆಂಡಿಂಗ್ ಆಗಿ, ಅವುಗಳಿಗಾಗಿ ಹೊಸ ನೋಡ್ ಬರುತ್ತದೆ. ಕಾಯುವುದು ಕಾದಿರಿಸಿದ ಪಾಡ್, ಬಳಕೆದಾರರಲ್ಲ. ಕ್ಲಸ್ಟರ್ ಆಟೋಸ್ಕೇಲರ್ ಬಳಸುವವರು ಪ್ರಯಾರಿಟಿಯನ್ನು -10ಕ್ಕಿಂತ ಕೆಳಗಿಳಿಸಬಾರದು, ಏಕೆಂದರೆ ಪೂರ್ವನಿಗದಿಯಂತೆ ಅದಕ್ಕಿಂತ ಕೆಳಗಿನ ಪಾಡ್‌ಗಳಿಗಾಗಿ ಅದು ನೋಡ್ ತರಿಸುವುದಿಲ್ಲ.

ನೋಡ್‌ಗಳು ಕಡಿಮೆಯಾಗುವಾಗ ಒಂದೇ ಅಪ್ಲಿಕೇಶನ್‌ನ ಎಲ್ಲ ಪಾಡ್‌ಗಳೂ ಒಟ್ಟಿಗೆ ಎದ್ದು ಹೋಗದಂತೆ ಪಾಡ್ ಡಿಸ್ರಪ್ಷನ್ ಬಜೆಟ್ ಬರೆದಿಡಿ.

ವರ್ಚುವಲ್ ಮಷೀನ್‌ಗಳಾದರೆ

ಅಮೆಜಾನ್ ತನ್ನ ವರ್ಚುವಲ್ ಮಷೀನ್ ಸೇವೆಯಾದ ಇಸಿ2ಗೆ ಆಟೋಸ್ಕೇಲಿಂಗ್ ತಂದದ್ದು 2009ರಲ್ಲಿ. ಗೂಗಲ್ ಕ್ಲೌಡ್‌ನ ಮ್ಯಾನೇಜ್ಡ್ ಇನ್‌ಸ್ಟನ್ಸ್ ಗ್ರೂಪ್, ಅಜೂರ್‌ನ ಸ್ಕೇಲ್ ಸೆಟ್ ಅದೇ ಜಾತಿಯವು. ಇಲ್ಲಿ ಹೆಚ್ಚು ಮಂದಿ ಮರೆಯುವ ಮೂರು ಸಂಗತಿಗಳನ್ನಷ್ಟೇ ಹೇಳುತ್ತೇನೆ. ಇಸಿ2ನ ಮೂಲ ಮಾನಿಟರಿಂಗ್ ಐದು ನಿಮಿಷಕ್ಕೊಮ್ಮೆ ಅಂಕಿ ಕೊಡುತ್ತದೆ, ಡಿಟೇಲ್ಡ್ ಮಾನಿಟರಿಂಗ್ ಆನ್ ಮಾಡಿದರೆ ನಿಮಿಷಕ್ಕೊಮ್ಮೆ; ಐದು ನಿಮಿಷ ಹಳೆಯ ಅಂಕಿಯ ಮೇಲೆ ಸ್ಕೇಲ್ ಮಾಡುವುದರಲ್ಲಿ ಅರ್ಥವಿಲ್ಲ. ಎರಡನೆಯದಾಗಿ, ಆಟೋಸ್ಕೇಲಿಂಗ್ ಗ್ರೂಪ್ ಪೂರ್ವನಿಗದಿಯಂತೆ ಮಷೀನ್ ಓಡುತ್ತಿದೆಯೇ ಎಂದಷ್ಟೇ ನೋಡುತ್ತದೆ, ಅಪ್ಲಿಕೇಶನ್ ಉತ್ತರ ಕೊಡುತ್ತಿದೆಯೇ ಎಂದಲ್ಲ. ಲೋಡ್ ಬ್ಯಾಲೆನ್ಸರ್‌ನ ಹೆಲ್ತ್ ಚೆಕ್ ಅನ್ನು ನೀವೇ ಸೇರಿಸಬೇಕು. ಮೂರನೆಯದಾಗಿ, ಪ್ರತಿ ಹೊಸ ಮಷೀನ್ ಬೂಟ್ ಆದ ಮೇಲೆ ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡುತ್ತ ಕೂರುವ ಸ್ಕ್ರಿಪ್ಟ್ ಇದ್ದರೆ ಅದನ್ನು ತೆಗೆದು, ಎಲ್ಲವೂ ಮೊದಲೇ ತುಂಬಿರುವ ಇಮೇಜ್ ತಯಾರಿಸಿ. ಪಾಲಿಸಿಯ ವಿಷಯದಲ್ಲಿ ಟಾರ್ಗೆಟ್ ಟ್ರ್ಯಾಕಿಂಗ್ (ಎಚ್‌ಪಿಎಯಂತೆ ಒಂದು ಟಾರ್ಗೆಟ್ ಕಾಯ್ದುಕೊಳ್ಳುವ ಬಗೆ) ಆರಿಸಿ, ಇನ್‌ಸ್ಟನ್ಸ್ ವಾರ್ಮ್‌ಅಪ್ ಜಾಗದಲ್ಲಿ ನೀವು ಅಳೆದ ಸಿದ್ಧತೆಯ ಸಮಯವನ್ನು ತುಂಬಿ.

ಕ್ಯೂ ಮತ್ತು ಮೊದಲೇ ಗೊತ್ತಿರುವ ದಟ್ಟಣೆ

ಕ್ಯೂನಿಂದ ಕೆಲಸ ಎತ್ತಿಕೊಳ್ಳುವ ವರ್ಕರ್‌ಗಳಿಗೆ ಸಿಪಿಯು ನೋಡುವುದು ಬೇಡವೇ ಬೇಡ. ಒಂದು ಮೆಸೇಜ್‌ಗೆ 2 ಸೆಕೆಂಡ್ ಹಿಡಿಯುತ್ತದೆ, ಬಳಕೆದಾರರು 60 ಸೆಕೆಂಡ್ ಕಾಯಬಲ್ಲರು ಎಂದಾದರೆ ಒಬ್ಬ ವರ್ಕರ್‌ನ ಪಾಲಿಗೆ ಬಾಕಿ ಇರಬಹುದಾದದ್ದು 30 ಮೆಸೇಜ್. ಕ್ಯೂನಲ್ಲಿ 900 ಇದ್ದರೆ 30 ವರ್ಕರ್‌ಗಳು ಬೇಕು. ಇದಕ್ಕೆ ಕೇಡಾ ಬಹಳ ಒಪ್ಪುವ ಸಾಧನ; ಮೈಕ್ರೋಸಾಫ್ಟ್ ಮತ್ತು ರೆಡ್ ಹ್ಯಾಟ್ 2019ರಲ್ಲಿ ಆರಂಭಿಸಿದ ಇದು, ಕ್ಯೂ ಖಾಲಿಯಾದಾಗ ವರ್ಕರ್‌ಗಳನ್ನು ಸೊನ್ನೆಗೂ ಇಳಿಸುತ್ತದೆ. ಕ್ಯೂನ ಉದ್ದದ ಜೊತೆಗೆ ಅತಿ ಹಳೆಯ ಮೆಸೇಜ್‌ಗೆ ಎಷ್ಟು ವಯಸ್ಸಾಗಿದೆ ಎಂಬುದಕ್ಕೆ ಅಲಾರಂ ಇಡಿ, ಏಕೆಂದರೆ ಪದೇ ಪದೇ ವಿಫಲವಾಗುತ್ತಿರುವ ಒಂದು ಮೆಸೇಜ್ ಉದ್ದದ ಅಂಕಿಯಲ್ಲಿ ಕಾಣಿಸುವುದಿಲ್ಲ.

ಫಲಿತಾಂಶ ಪ್ರಕಟಣೆ, ಟಿಕೆಟ್ ಮಾರಾಟ, ಎಲ್ಲರಿಗೂ ಒಟ್ಟಿಗೆ ಹೋಗುವ ನೋಟಿಫಿಕೇಶನ್ ಮೊದಲಾದವು ನಿಮಿಷಕ್ಕೆ ಶೇ. 15ರಂತೆ ಏರುವುದಿಲ್ಲ, ಹತ್ತು ಸೆಕೆಂಡಿನಲ್ಲಿ ಹತ್ತು ಪಟ್ಟಾಗುತ್ತವೆ. ಯಾವ ಟಾರ್ಗೆಟ್ ಕೂಡ ಇಲ್ಲಿ ನೆರವಿಗೆ ಬರುವುದಿಲ್ಲ. ಸಮಯ ಮೊದಲೇ ಗೊತ್ತಿರುವುದರಿಂದ, ಅರ್ಧ ಗಂಟೆ ಮುಂಚೆ ಕನಿಷ್ಠ ಸಂಖ್ಯೆಯನ್ನೇ ಏರಿಸುವ ಶೆಡ್ಯೂಲ್ ಇಡಿ, ಮುಗಿದ ಮೇಲೆ ಇಳಿಸುವುದನ್ನೂ ಅದರಲ್ಲೇ ಬರೆಯಿರಿ. ಟೈಮ್ ಝೋನ್ ನೋಡಿಕೊಳ್ಳಿ. ಅಮೆಜಾನ್‌ನ ಶೆಡ್ಯೂಲ್‌ಗಳು ಬೇರೆ ಹೇಳದಿದ್ದರೆ ಯುಟಿಸಿ ಪ್ರಕಾರವೇ ನಡೆಯುತ್ತವೆ.

ಒಪ್ಪಿಸುವ ಮೊದಲು

ಎಲ್ಲವನ್ನೂ ಬರೆದಾದ ಮೇಲೆ ಮತ್ತೆ ಲೋಡ್ ಟೆಸ್ಟ್ ಮಾಡಿ, ಈ ಸಲ ಆಟೋಸ್ಕೇಲಿಂಗ್ ಆನ್ ಇಟ್ಟು. ನಿಮಿಷಕ್ಕೆ ಶೇ. 15ರಂತೆ ಏರಿಸುತ್ತ ಗರಿಷ್ಠದವರೆಗೆ ಹೋಗಿ, ಅಲ್ಲಿ ಹತ್ತು ನಿಮಿಷ ನಿಂತು, ಒಮ್ಮೆಲೇ ಇಳಿಸಿ. ಏರುವಾಗ ಪ್ರತಿಕ್ರಿಯೆಯ ಸಮಯ ಬಾಗದೆ ಉಳಿಯಿತೇ, ಇಳಿಯುವಾಗ ಒಂದಾದರೂ ರಿಕ್ವೆಸ್ಟ್ ವಿಫಲವಾಯಿತೇ ಎಂದು ನೋಡಿ. ಎರಡನೆಯ ಪ್ರಶ್ನೆಗೆ ಸೊನ್ನೆ ಎಂಬ ಉತ್ತರವನ್ನು ಮಾತ್ರ ಒಪ್ಪಿಕೊಳ್ಳಿ. ಟೆಸ್ಟ್ ನಡೆಯುವಾಗಲೇ ಒಮ್ಮೆ ಹೊಸ ಆವೃತ್ತಿಯನ್ನು ಡಿಪ್ಲಾಯ್ ಮಾಡಿದರೆ ರೆಪ್ಲಿಕಾಸ್ ಸಾಲು, ಹೆಚ್ಚುವರಿ ಕನೆಕ್ಷನ್‌ಗಳು, ಪ್ರೀಸ್ಟಾಪ್ ಈ ಮೂರೂ ಒಟ್ಟಿಗೆ ಪರೀಕ್ಷೆಗೆ ಒಳಗಾಗುತ್ತವೆ.

ಪಾಡ್‌ಗಳ ಸಂಖ್ಯೆ ಗರಿಷ್ಠವನ್ನು ಮುಟ್ಟಿ ಹದಿನೈದು ನಿಮಿಷ ಅಲ್ಲೇ ನಿಂತರೆ ಯಾರಿಗಾದರೂ ಅಲರ್ಟ್ ಹೋಗಬೇಕು, ಏಕೆಂದರೆ ಆ ಕ್ಷಣದಿಂದ ನಿಮಗೆ ಆಟೋಸ್ಕೇಲಿಂಗ್ ಇಲ್ಲವೆಂದೇ ಲೆಕ್ಕ. ಖರ್ಚಿಗೆ ಬೇರೆ ಬಜೆಟ್ ಅಲರ್ಟ್ ಇರಲಿ. ಮತ್ತು ಕಾನ್ಫಿಗರೇಶನ್ ಫೈಲ್‌ನಲ್ಲಿ ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದು ಬಂದ ಬಗೆಯನ್ನು ಒಂದು ಸಾಲಿನ ಕಾಮೆಂಟ್ ಆಗಿ ಬರೆದಿಡಿ: ‘ಸುರಕ್ಷಿತ ಸಾಮರ್ಥ್ಯ 120, ಸಿದ್ಧತೆ 2 ನಿಮಿಷ, ಏರಿಕೆ ನಿಮಿಷಕ್ಕೆ ಶೇ. 15, ಆದ್ದರಿಂದ 90’. ಆರು ತಿಂಗಳ ನಂತರ ಅಪ್ಲಿಕೇಶನ್ ಸ್ಟಾರ್ಟ್ ಆಗಲು ಮೂರು ನಿಮಿಷ ತೆಗೆದುಕೊಳ್ಳತೊಡಗಿದಾಗ, ಆ ಫೈಲ್ ತೆರೆದವರಿಗೆ ಯಾವ ಸಂಖ್ಯೆಯನ್ನು ಬದಲಿಸಬೇಕೆಂದು ಆ ಸಾಲಿನಿಂದಲೇ ತಿಳಿಯುತ್ತದೆ.